90.23 ಎಸೆದೂ ಎರಡನೇ ಸ್ಥಾನ! ದೋಹಾ ನೋಡಿದವರು ಯಾರ್ಯಾರು ಎಚ್ಚರ ಇದ್ದೀರಿ?

ಉಣಕಲ್_ಓಟಗಾರ (16 ಮೇ 2025, ರಾತ್ರಿ 11:52)

ನಿದ್ದೆ ಹತ್ತುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಂಜೆ ಹುಬ್ಬಳ್ಳಿಯಲ್ಲಿ ಗುಡುಗು, ಮಳೆ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ದೋಹಾ ಡೈಮಂಡ್ ಲೀಗ್ ಕೂಟದ ಜಾವೆಲಿನ್ ಶುರುವಾಗಿದ್ದು ನಮ್ಮ ಟೈಮಲ್ಲಿ ರಾತ್ರಿ ಹತ್ತು ದಾಟಿದ ಮೇಲೆ. ಕತ್ತಲಲ್ಲಿ ಕೂತು ಫೋನಿನಲ್ಲಿ ಯೂಟ್ಯೂಬ್ ಹಚ್ಚಿಕೊಂಡು ನೋಡಿದೆ, ಚಾರ್ಜ್ 19 ಪರ್ಸೆಂಟ್.

ನೀರಜ್ ಚೋಪ್ರಾ ಮೊದಲ ಎಸೆತ 88.44 ಮೀಟರ್. ಆಗಲೇ ಎದ್ದು ಕೂತೆ. ಎರಡನೇದು ಫೌಲ್. ಮೂರನೇದು ಕೈಯಿಂದ ಬಿಟ್ಟಾಗಲೇ ಏನೋ ಬೇರೆ ಇದೆ ಅನ್ನಿಸಿತು, ಅದು ಇಳಿಯುತ್ತಲೇ ಇಲ್ಲ. 90.23! ನಾನು ಕೂಗಿದ ಕೂಗಿಗೆ ಒಳಗೆ ಮಲಗಿದ್ದ ಅವ್ವ "ಕಳ್ಳ ಬಂದನೇನೋ" ಅಂತ ಎದ್ದು ಬಂದಳು. 2022ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 89.94 ಎಸೆದಾಗಿನಿಂದ ಕಾಯುತ್ತಿದ್ದೇವೆ, ಹತ್ತಿರ ಹತ್ತಿರ ಮೂರು ವರ್ಷ.

ಆಮೇಲೆ ಆ ಜರ್ಮನಿಯ ಜೂಲಿಯನ್ ವೆಬರ್. ಕೊನೆ ಎಸೆತದಲ್ಲಿ 91.06. ನೀರಜ್‌ಗೆ ಇನ್ನೂ ಒಂದು ಎಸೆತ ಉಳಿದಿತ್ತು, 88.20 ಬಂತು, ಮುಗೀತು. ಖುಷಿ ಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ಗೊತ್ತಾಗುತ್ತಿಲ್ಲ. ಯಾರಾದರೂ ಹೇಳಿ.

ದುರ್ಗದಬೈಲ್_ಬಾಯ್ (16 ಮೇ, ರಾತ್ರಿ 11:58)

ಹೌದು ಹುಲಿಯಾ!!! ದೋಸ್ತ, ಖುಷಿ ಪಡು. 90 ಅಂದರೆ 90. ನಾಲ್ಕೂವರೆ ಕ್ರಿಕೆಟ್ ಪಿಚ್ ಉದ್ದ ಹಾಕಿದಷ್ಟು ದೂರ. ನಾನು ಬೌಂಡರಿಯಿಂದ ಕೀಪರ್‌ಗೆ ಚೆಂಡು ಎಸೆದರೆ ಮೂರು ಸಲ ಪುಟಿದು ಹೋಗುತ್ತದೆ.

ಬ್ಯಾಡಗಿ_ಕಡ್ಡಿಕಾಯಿ (17 ಮೇ, ಬೆಳಿಗ್ಗೆ 6:10)

ಬೆಳಿಗ್ಗೆ ಎದ್ದು ಮುಖ್ಯಾಂಶ ಅಷ್ಟೇ ನೋಡಿದೆ. ನಿಮ್ಮ ಖುಷಿಗೆ ತಣ್ಣೀರು ಹಾಕುವವನು ನಾನಲ್ಲ, ಆದರೂ ಒಂದು ಮಾತು. ಇದು ಮೇ ತಿಂಗಳು. ದೊಡ್ಡ ಸ್ಪರ್ಧೆ ಇರುವುದು ಸೆಪ್ಟೆಂಬರ್‌ನಲ್ಲಿ, ಟೋಕಿಯೋ ವಿಶ್ವ ಚಾಂಪಿಯನ್‌ಶಿಪ್. ನಾವು ಮೆಣಸಿನಕಾಯಿ ವ್ಯಾಪಾರದವರು. ಸೀಸನ್ ಶುರುವಿನಲ್ಲಿ ಬಂದ ಮೊದಲ ಲಾಟಿನ ರೇಟ್ ಹಿಡಿದು ಇಡೀ ವರ್ಷದ ಲೆಕ್ಕ ಹಾಕಿದವನು ಮುಳುಗಿದ ಅಂತಲೇ ಅರ್ಥ. ಮೊದಲ ಲಾಟಿಗೆ ಹಾರ ಹಾಕಿ ಪೂಜೆ ಮಾಡುತ್ತಾರೆ, ಅದು ಬೇರೆ ಮಾತು.

ಸಾಧನಕೇರಿ_ಅಕ್ಕ (17 ಮೇ, ಬೆಳಿಗ್ಗೆ 7:25)

ಎಲ್ಲರೂ ನೀರಜ್ ನೀರಜ್ ಅನ್ನುತ್ತಿದ್ದೀರಿ. ಪಾರುಲ್ ಚೌಧರಿ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲವಲ್ರೀ? 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ 9:13.39. ಹೊಸ ರಾಷ್ಟ್ರೀಯ ದಾಖಲೆ. ಹಳೆಯದೂ ಅವಳದೇ, 2023ರ ಬುಡಾಪೆಸ್ಟ್‌ನದು, 9:15.31. ಆರನೇ ಸ್ಥಾನ ಬಂದಳು ಅಂತ ಪೇಪರಿನಲ್ಲಿ ಮೂಲೆಯಲ್ಲಿ ಎರಡು ಸಾಲು.

ನಾನು ಕಾಲೇಜಿನಲ್ಲಿ 800 ಓಡುತ್ತಿದ್ದೆ, ಧಾರವಾಡದ ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದ ಮಣ್ಣು ತಿಂದವಳು. ಒಂದೇ ಒಂದು ಸಲ ಸ್ಟೀಪಲ್‌ಚೇಸ್ ಓಡಿಸಿದರು, ಹುಡುಗಿಯರು ಕಡಿಮೆ ಇದ್ದರು ಅಂತ. 28 ಅಡೆತಡೆ, ಅದರ ಜೊತೆ 7 ಸಲ ನೀರಿನ ಗುಂಡಿ. ಮೂರನೇ ಸಲ ನೀರಿಗೆ ಇಳಿದ ಮೇಲೆ ಶೂ ಎರಡೆರಡು ಕಿಲೋ ಆದ ಹಾಗೆ ಆಗುತ್ತದೆ. ಆ ಅಡ್ಡಗಟ್ಟೆ ಹರ್ಡಲ್ಸ್ ತರ ತಾಗಿದರೆ ಬೀಳುವುದಿಲ್ಲ, ನೀವೇ ಬೀಳುತ್ತೀರಿ. ಅಂಥದ್ದರಲ್ಲಿ ಸುಮಾರು ಎರಡು ಸೆಕೆಂಡ್ ಇಳಿಸುವುದು ಹುಡುಗಾಟ ಅಲ್ಲ.

ಗೆದ್ದವಳು ಕೀನ್ಯಾದ ಫೇಯ್ತ್ ಚೆರೋಟಿಚ್. ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದ ವಿನ್‌ಫ್ರೆಡ್ ಯಾವಿಯನ್ನೇ ಕೊನೆಯಲ್ಲಿ ಹಿಂದೆ ಹಾಕಿದಳು. ಕೂದಲೆಳೆ ಅಂತರ. ಆ ಕೊನೆ ಸುತ್ತನ್ನು ಮತ್ತೆ ಹಾಕಿ ನೋಡಿ, ನೀರಜ್ ವಿಡಿಯೋ ಹತ್ತು ಸಲ ನೋಡಿದ್ದು ಸಾಕು.

ಉಣಕಲ್_ಓಟಗಾರ (17 ಮೇ, ಬೆಳಿಗ್ಗೆ 7:40)

ಅಕ್ಕಾ ತಪ್ಪಾಯಿತು. ಹತ್ತು ಸಲ ಅಲ್ಲ, ಹದಿನಾಲ್ಕು ಸಲ ನೋಡಿದೆ. ಈಗ ಪಾರುಲ್ ರೇಸ್ ಹಾಕುತ್ತೇನೆ.

ಪಿಟಿ_ಮಾಸ್ತರ್_ಗದಗ (17 ಮೇ, ಬೆಳಿಗ್ಗೆ 8:30)

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಮಕ್ಕಳಿಗೆ ಸೀಟಿ ಊದಿ ಈಗ ನಿವೃತ್ತಿ ಆಗಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ.

ಬ್ಯಾಡಗಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಸೀಸನ್ ಶುರುವಿನಲ್ಲಿ ಕೋಚ್‌ಗಳು ನೋಡುವುದು ದೂರ ಅಲ್ಲ, ಎಸೆತಗಳ ಸಾಲು. ನೀರಜ್‌ದು ನೋಡಿ: 88.44, ಫೌಲ್, 90.23, 80.56, ಫೌಲ್, 88.20. ವೆಬರ್‌ದು ನೋಡಿ: 83.82, 85.57, 89.06, 88.05, 89.84, 91.06. ಒಬ್ಬ ಮೊದಲೇ ಸಿಡಿದ. ಇನ್ನೊಬ್ಬ ಮೆಟ್ಟಿಲು ಹತ್ತಿದ ಹಾಗೆ ಹತ್ತಿಕೊಂಡು ಹೋದ, ಒಂದೂ ಫೌಲ್ ಇಲ್ಲ. ಆರಕ್ಕೆ ಆರೂ ಲೆಕ್ಕಕ್ಕೆ ಬಂದವು. ಶಾಲೆಯಲ್ಲಿ ಇಂಥ ಹುಡುಗ ಸಿಕ್ಕರೆ ನಾನು ಮನೆಗೆ ಕರೆದು ಊಟ ಹಾಕುತ್ತಿದ್ದೆ.

ಫೌಲ್ ಅಂದರೆ ಎಲ್ಲಾ ಫೌಲೂ ಒಂದೇ ಅಲ್ಲ ಅನ್ನುವುದು ಹುಡುಗರಿಗೆ ಗೊತ್ತಿರಬೇಕು. ಎಸೆತ ಕೈಕೊಟ್ಟಿತು ಅಂತ ಅನ್ನಿಸಿದರೆ ಬೇಕಂತಲೇ ಗೆರೆ ದಾಟುತ್ತಾರೆ. ಆದರೆ ಪ್ಯಾರಿಸ್ ಫೈನಲ್‌ನಲ್ಲಿ ನೀರಜ್‌ಗೆ ಲೆಕ್ಕಕ್ಕೆ ಬಂದದ್ದು ಒಂದೇ ಎಸೆತ, 89.45. ಉಳಿದ ಐದೂ ಫೌಲ್. ಆ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಅವನು ಎಸೆದ ಮೇಲೆ ಮುಂದಕ್ಕೆ ಬಿದ್ದು ಕೈ ಊರುತ್ತಾನಲ್ಲ, ಅಷ್ಟು ವೇಗ ಇಟ್ಟುಕೊಂಡು ಗೆರೆಯ ಹತ್ತಿರ ಹೋದರೆ ನಿಲ್ಲುವುದು ಕಷ್ಟ.

ಒಂದು ಖುಷಿಯ ವಿಷಯ ಏನೆಂದರೆ ಈ ವರ್ಷ ಅವನ ಕೋಚ್ ಯಾನ್ ಝೆಲೆಜ್ನಿ. 1996ರಲ್ಲಿ 98.48 ಮೀಟರ್ ಎಸೆದವನು, ಇವತ್ತಿಗೂ ವಿಶ್ವ ದಾಖಲೆ ಅದೇ. ಮೂರು ಒಲಿಂಪಿಕ್ ಚಿನ್ನ. ಪಾಕಶಾಲೆಯಲ್ಲಿ ಸಾಕ್ಷಾತ್ ನಳನೇ ಬಂದು ನಿಂತ ಹಾಗೆ.

ದುರ್ಗದಬೈಲ್_ಬಾಯ್ (17 ಮೇ, ಬೆಳಿಗ್ಗೆ 8:44)

ಮಾಸ್ತರೇ, ನಳನ ಬಿರಿಯಾನಿ ನಾಲ್ಕು ತಿಂಗಳು ಬೇಯುತ್ತಾ?

ಬ್ಯಾಡಗಿ_ಕಡ್ಡಿಕಾಯಿ (17 ಮೇ, ಬೆಳಿಗ್ಗೆ 9:05)

ಇನ್ನೊಂದು ಲೆಕ್ಕ ಹೇಳಲಾ? ಬೈಯಬೇಡಿ.

2022 ಸ್ಟಾಕ್‌ಹೋಮ್: ನೀರಜ್ 89.94, ಗ್ರೆನಡಾದ ಪೀಟರ್ಸ್ 90.31. ಎರಡನೇ ಸ್ಥಾನ.
2024 ದೋಹಾ: ನೀರಜ್ 88.36, ಚೆಕ್ ದೇಶದ ವಾಡ್ಲೆಕ್ 88.38. ಎರಡು ಸೆಂಟಿಮೀಟರ್, ಎರಡನೇ ಸ್ಥಾನ.
2024 ಪ್ಯಾರಿಸ್: ನೀರಜ್ 89.45, ಅರ್ಷದ್ ನದೀಮ್ 92.97. ಬೆಳ್ಳಿ.
2024 ಬ್ರಸೆಲ್ಸ್, ಡೈಮಂಡ್ ಲೀಗ್ ಫೈನಲ್: ನೀರಜ್ 87.86, ಪೀಟರ್ಸ್ 87.87. ಒಂದೇ ಒಂದು ಸೆಂಟಿಮೀಟರ್!
ಈಗ 2025 ದೋಹಾ.

ಹುಡುಗ ಗಟ್ಟಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವನು ಒಳ್ಳೆಯ ಎಸೆತ ಎಸೆದ ದಿನವೇ ಯಾರೋ ಒಬ್ಬ ಅದಕ್ಕಿಂತ ಒಂದು ಗೇಣು ಜಾಸ್ತಿ ಎಸೆಯುತ್ತಾನೆ. ಟೆಂಡರಿನಲ್ಲಿ ಹತ್ತು ರೂಪಾಯಿ ಕಡಿಮೆ ಬರೆದು ಲಾಟ್ ಕಳೆದುಕೊಂಡವನಿಗೆ ಮಾತ್ರ ಈ ಸಂಕಟ ಅರ್ಥ ಆಗುತ್ತದೆ.

ಸಾಧನಕೇರಿ_ಅಕ್ಕ (17 ಮೇ, ಬೆಳಿಗ್ಗೆ 9:30)

ಬ್ಯಾಡಗಿ ಅಣ್ಣಾವ್ರೇ, ಸೋತದ್ದನ್ನೇ ಆರಿಸಿ ಬರೆದಿದ್ದೀರಿ. 2023ರ ದೋಹಾ ಎಲ್ಲಿ ಹೋಯಿತು? 88.67 ಎಸೆದು ಅದೇ ವಾಡ್ಲೆಕ್‌ನನ್ನು ನಾಲ್ಕು ಸೆಂಟಿಮೀಟರ್‌ನಿಂದ ಸೋಲಿಸಿದ್ದ. ಅದೇ ವರ್ಷ ಬುಡಾಪೆಸ್ಟ್‌ನಲ್ಲಿ ವಿಶ್ವ ಚಾಂಪಿಯನ್. ಮೆಣಸಿನಕಾಯಿ ಚೀಲದಲ್ಲಿ ಮೇಲೆ ಒಳ್ಳೆಯದು ಹಾಕಿ ಕೆಳಗೆ ಕೆಟ್ಟದ್ದು ತುಂಬುತ್ತಾರೆ ಅಂತ ಕೇಳಿದ್ದೆ, ನೀವು ಉಲ್ಟಾ ಮಾಡಿದ್ದೀರಿ.

ಬ್ಯಾಡಗಿ_ಕಡ್ಡಿಕಾಯಿ (17 ಮೇ, ಬೆಳಿಗ್ಗೆ 9:33)

ಇದಕ್ಕೆ ಉತ್ತರ ಇಲ್ಲ. ಚಹಾ ಕುಡಿದು ಬರುತ್ತೇನೆ.

ದೋಹಾದಾಗಿನ_ಹುಬ್ಬಳ್ಳಿಯವ (17 ಮೇ, ಬೆಳಿಗ್ಗೆ 11:15)

ನಾನು ಅಲ್ಲೇ ಇದ್ದೆ! ಗಂಟಲು ಕೂತಿದೆ, ಟೈಪ್ ಮಾಡುವುದಕ್ಕೆ ಗಂಟಲು ಬೇಕಾಗಿಲ್ಲ ಅನ್ನುವುದೊಂದು ಪುಣ್ಯ.

ಶುಕ್ರವಾರ ಇಲ್ಲಿ ರಜೆ. ರೂಮಿನ ನಾಲ್ಕು ಜನ ಹೋಗಿದ್ದೆವು, ಇಬ್ಬರು ಮಲಯಾಳಿಗಳು, ಒಬ್ಬ ಹರಿಯಾಣದವ, ನಾನು. ಕತಾರ್ ಸ್ಪೋರ್ಟ್ಸ್ ಕ್ಲಬ್‌ನ ಸ್ಟೇಡಿಯಂ ತುಂಬಾ ದೊಡ್ಡದಲ್ಲ, ಅದಕ್ಕೇ ಚೆನ್ನಾಗಿ ಕಾಣಿಸುತ್ತದೆ. ಸುತ್ತಮುತ್ತ ಕೂತವರಲ್ಲಿ ಬರೀ ನಮ್ಮವರೇ. ಹರಿಯಾಣದವನು ಮೊದಲ ಎಸೆತದಿಂದಲೇ ನಿಂತುಬಿಟ್ಟ, ಹಿಂದಿನವರು ಕೂತ್ಕೋ ಕೂತ್ಕೋ ಅಂತ ಅಂಗಿ ಎಳೆದರೂ ಕೇಳಲಿಲ್ಲ. ಸೆಕೆ ಹೇಗಿತ್ತು ಅಂದರೆ ಕೂತಲ್ಲೇ ಬೆವರು ಇಳಿಯುತ್ತಿತ್ತು, ಆದರೆ ಬೆನ್ನ ಹಿಂದಿನಿಂದ ಸಣ್ಣ ಗಾಳಿ ಇತ್ತು. ಮುಗಿದ ಮೇಲೆ ನೀರಜ್ ಕೂಡ ಗಾಳಿ, ಬಿಸಿ ಎರಡೂ ನೆರವಾದವು ಅಂತಲೇ ಹೇಳಿದ. ಇವತ್ತು 90 ದಾಟುವ ದಿನ ಅಂತ ಝೆಲೆಜ್ನಿ ಮೊದಲೇ ಹೇಳಿದ್ದನಂತೆ.

ಟಿವಿಯಲ್ಲಿ ಕಾಣದ್ದು ಒಂದು ಹೇಳುತ್ತೇನೆ. 90.23 ಬೋರ್ಡ್ ಮೇಲೆ ಬರುವ ತನಕ ಒಂದು ಗಳಿಗೆ ಇಡೀ ಸ್ಟ್ಯಾಂಡ್ ಉಸಿರು ಬಿಗಿ ಹಿಡಿದಿತ್ತು. ಎಲ್ಲರಿಗೂ ಕಣ್ಣಳತೆಯಲ್ಲಿ ಗೊತ್ತಾಗಿದೆ ದೂರ ಹೋಗಿದೆ ಅಂತ, ಆದರೆ ಇಷ್ಟು ವರ್ಷ 89 ನೋಡಿ ನೋಡಿ ಯಾರಿಗೂ ನಂಬಿಕೆ ಇಲ್ಲ. ನಂಬರ್ ಬಂದಾಗ ಪಕ್ಕದ ಯಾರೋ ಗೊತ್ತಿಲ್ಲದ ಅಂಕಲ್ ನನ್ನನ್ನು ತಬ್ಬಿಕೊಂಡರು. ಬೆವರು, ಅತ್ತರ್, ಎಲ್ಲಾ ಸೇರಿ. ಅದೇ ಅಂಕಲ್ ವೆಬರ್ ಎಸೆದಾಗ ತಲೆ ಮೇಲೆ ಕೈ ಹೊತ್ತು ಕೂತರು.

ಜಾವೆಲಿನ್‌ನಲ್ಲಿ ನಮ್ಮ ಇನ್ನೊಬ್ಬ ಕಿಶೋರ್ ಜೆನಾ ಬಗ್ಗೆ ಬೇಜಾರಾಯಿತು. 78.60, ಎಂಟನೇ ಸ್ಥಾನ. ಏಷ್ಯನ್ ಗೇಮ್ಸ್‌ನಲ್ಲಿ 87.54 ಎಸೆದ ಹುಡುಗ. ನಮ್ಮ ಗುಲ್ವೀರ್ ಸಿಂಗ್ 5000 ಮೀಟರ್ ಓಟದಲ್ಲಿ ಒಂಬತ್ತನೇ. ಫೆಬ್ರವರಿಯಲ್ಲಿ ಬಾಸ್ಟನ್‌ನಲ್ಲಿ 12:59.77 ಓಡಿದವನು ಇಲ್ಲಿ 13:24. ಆದರೆ ಇಲ್ಲಿನ ರೇಸೇ ನಿಧಾನ ಹೋಯಿತು. ಈ ಸೆಕೆಯಲ್ಲಿ ಹನ್ನೆರಡೂವರೆ ಸುತ್ತು ಓಡುವವರನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಉಣಕಲ್_ಓಟಗಾರ (17 ಮೇ, ಮಧ್ಯಾಹ್ನ 12:20)

ಅಣ್ಣಾ ಹೊಟ್ಟೆಕಿಚ್ಚು ಬರುತ್ತಿದೆ. ಗಾಳಿ ಅಂದಿರಲ್ಲ, 100 ಮೀಟರ್ ಓಟದಲ್ಲಿ ಸೆಕೆಂಡಿಗೆ 2 ಮೀಟರ್‌ಗಿಂತ ಜಾಸ್ತಿ ಗಾಳಿ ಹಿಂದಿನಿಂದ ಬೀಸಿದರೆ ದಾಖಲೆಗೆ ಹಿಡಿಯುವುದಿಲ್ಲ. ಜಾವೆಲಿನ್‌ಗೆ ಆ ರೂಲ್ ಇಲ್ಲವಾ? ಮಾಸ್ತರ್ ಸರ್?

ಪಿಟಿ_ಮಾಸ್ತರ್_ಗದಗ (17 ಮೇ, ಮಧ್ಯಾಹ್ನ 1:10)

ಇಲ್ಲ. ಗಾಳಿ ಅಳೆದು ತಿರಸ್ಕರಿಸುವುದು 100, 200, ಚಿಕ್ಕ ಹರ್ಡಲ್ಸ್, ಲಾಂಗ್ ಜಂಪ್, ಟ್ರಿಪಲ್ ಜಂಪ್‌ಗೆ ಮಾತ್ರ. ಎಸೆತಗಳಿಗೆ ಇಲ್ಲ. ಗಾಳಿ ಎಲ್ಲರಿಗೂ ಒಂದೇ, ಅದನ್ನು ಬಳಸಿಕೊಳ್ಳುವುದೂ ಒಂದು ವಿದ್ಯೆ. ನಮ್ಮ ಗದಗದಲ್ಲಿ ಗಾಳಿಗೇನು ಬರ, ಕಪ್ಪತಗುಡ್ಡದ ಗಾಳಿಯಂತ್ರ ನೋಡಿದವರಿಗೆ ಗೊತ್ತು.

ದೋಹಾ ಮೊದಲಿನಿಂದಲೂ ದೂರ ಹೋಗುವ ಜಾಗ. 2017ರಲ್ಲಿ ಜರ್ಮನಿಯ ರೋಲರ್ 93.90. 2018ರಲ್ಲಿ ಮೂವರು ಜರ್ಮನ್ನರು ಒಂದೇ ದಿನ 90 ದಾಟಿದರು, ನಮ್ಮ ನೀರಜ್ ಅವತ್ತು 87.43 ಎಸೆದು ನಾಲ್ಕನೇ ಸ್ಥಾನ. 2022ರಲ್ಲಿ ಪೀಟರ್ಸ್ 93.07. ಅವತ್ತು ವಾಡ್ಲೆಕ್ 90.88 ಎಸೆದೂ ಎರಡನೆಯವನಾದ. ಅಂದರೆ ದೋಹಾದಲ್ಲಿ 90 ಎಸೆದು ಸೋತವರಲ್ಲಿ ನೀರಜ್ ಮೊದಲಿಗನಲ್ಲ. ಬ್ಯಾಡಗಿಯವರು ನೋಟ್ ಮಾಡಿಕೊಳ್ಳಬೇಕು.

ಇನ್ನೊಂದು ಸ್ವಾರಸ್ಯ. ಹಳೆಯ ಜಾವೆಲಿನ್ ಬೇರೆ ತರ ಇತ್ತು. 1984ರಲ್ಲಿ ಉವೆ ಹೋನ್ ಬರ್ಲಿನ್‌ನಲ್ಲಿ 104.80 ಎಸೆದ. ಹೀಗೇ ಬಿಟ್ಟರೆ ಮೈದಾನ ಸಾಲುವುದಿಲ್ಲ ಅನ್ನುವ ಭಯ, ಜೊತೆಗೆ ಅದು ಚಪ್ಪಟೆಯಾಗಿ ಇಳಿದು ಗುರುತು ಹಾಕುವುದೇ ಜಗಳ. ಅದಕ್ಕೆ 1986ರಲ್ಲಿ ಭಾರದ ಕೇಂದ್ರವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಕೆಳಗೆ ಬೀಳುವ ಹಾಗೆ. ದೂರ ಹತ್ತು ಪರ್ಸೆಂಟ್ ಹತ್ತಿರ ಇಳಿಯಿತು. ಆ ಉವೆ ಹೋನ್ ಕೂಡ ಹಿಂದೆ ಸ್ವಲ್ಪ ಕಾಲ ನೀರಜ್‌ಗೆ ಕೋಚ್ ಆಗಿದ್ದವನೇ. ಹಳೆ ಜಾವೆಲಿನ್‌ನ ರಾಜ, ಹೊಸ ಜಾವೆಲಿನ್‌ನ ರಾಜ, ಇಬ್ಬರ ಕೈಯಲ್ಲೂ ಪಳಗಿದ ಹುಡುಗ ನಮ್ಮವನು.

ಲಕ್ಷ್ಮೇಶ್ವರ_ಹುಡುಗ (17 ಮೇ, ಮಧ್ಯಾಹ್ನ 2:45)

ಸರ್ ನಮಸ್ತೆ. ನಾನು ಪಿಯು ಸೆಕೆಂಡ್ ಇಯರ್‌ಗೆ ಹೋಗುತ್ತಿದ್ದೇನೆ. ಜಾವೆಲಿನ್ ಎಸೆಯಬೇಕು ಅಂತ ಆಸೆ. ನಾನು ಓದುವ ಕಡೆ ಒಂದೇ ಜಾವೆಲಿನ್ ಇದೆ, ಅದೂ ಬಾಗಿದೆ, ಕ್ರೀಡಾ ಕೊಠಡಿಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಸದ್ಯ ಬಿದಿರಿನ ಕೋಲಿಗೆ ಮುಂದೆ ಸೈಕಲ್ ಟ್ಯೂಬ್ ಸುತ್ತಿ ಹೊಲದಲ್ಲಿ ಎಸೆಯುತ್ತೇನೆ. ಇದರಿಂದ ಪ್ರಯೋಜನ ಇದೆಯಾ ಅಥವಾ ಕೈ ಕೆಡುತ್ತದಾ?

ಪಿಟಿ_ಮಾಸ್ತರ್_ಗದಗ (17 ಮೇ, ಮಧ್ಯಾಹ್ನ 3:20)

ತಮ್ಮಾ, ಬಿದಿರು ಅಂದರೆ ಕೀಳು ಅಲ್ಲ. ಆದರೆ ನೀನು ಈಗ ಮಾಡಬೇಕಾದ್ದು ದೂರ ಎಸೆಯುವುದಲ್ಲ. ನಿಂತು ಎಸೆ, ಮೂರು ಹೆಜ್ಜೆ ಇಟ್ಟು ಎಸೆ, ಐದು ಹೆಜ್ಜೆ ಇಟ್ಟು ಎಸೆ. ಅಷ್ಟೇ, ಎರಡು ತಿಂಗಳು. ನೀನು ಬಲಗೈಯವನಾದರೆ ಕೊನೆಯಲ್ಲಿ ಎಡಗಾಲು ಕಂಬದ ಹಾಗೆ ನೆಟ್ಟಗೆ ನಿಲ್ಲಬೇಕು. ಓಡಿ ಬಂದ ವೇಗ ಆ ಕಾಲಿಗೆ ಬಡಿದು, ಸೊಂಟದಿಂದ ಭುಜಕ್ಕೆ, ಭುಜದಿಂದ ಕೈಗೆ ಹೋಗುತ್ತದೆ. ಬಸ್ಸಿಗೆ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಹಾರುತ್ತಾರಲ್ಲ, ಅದೇ. ಎಡ ಮೊಣಕಾಲು ಬಗ್ಗಿತೋ, ಎಲ್ಲಾ ಶಕ್ತಿ ನೆಲಕ್ಕೆ ಹೋಯಿತು. ನೀರಜ್ ವಿಡಿಯೋ ನಿಧಾನ ಮಾಡಿ ಕೈ ನೋಡಬೇಡ, ಎಡಗಾಲು ನೋಡು.

ವಯಸ್ಸು 18ರ ಒಳಗಾದರೆ 700 ಗ್ರಾಂ ಜಾವೆಲಿನ್, ದೊಡ್ಡವರದು 800 ಗ್ರಾಂ. ಬರೀ ತೋಳಿನಿಂದ ಎಸೆದರೆ ಮೊಣಕೈ ಹೋಗುತ್ತದೆ, ನೆನಪಿರಲಿ. ನೀರಜ್‌ಗೇ 2019ರಲ್ಲಿ ಮೊಣಕೈ ಆಪರೇಷನ್ ಆಗಿತ್ತು.

ದೂರದ ಮಾತು ಬೇಡ ಅನ್ನಿಸಿದರೆ ನಮ್ಮ ಪಕ್ಕದ ಶಿರಸಿ ಕಡೆಯ ಕಾಶಿನಾಥ ನಾಯ್ಕರ ಹೆಸರು ನೆನಪಿಟ್ಟುಕೋ. 2010ರ ದಿಲ್ಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಜಾವೆಲಿನ್ ಕಂಚು. ಶಿರಸಿ ಹುಬ್ಬಳ್ಳಿಯಿಂದ ಒಂದು ಬಸ್ಸಿನ ದಾರಿ.

ಸಾಧನಕೇರಿ_ಅಕ್ಕ (17 ಮೇ, ಸಂಜೆ 5:00)

ಈ ತಮ್ಮನ ಬೀಗದ ಕೈ ಕತೆ ಕೇಳಿ ನಗು ಬಂತು, ಆಮೇಲೆ ಸಿಟ್ಟು ಬಂತು. ನಮ್ಮ ಕಾಲದಲ್ಲೂ ಇದೇ. ಡಿಸ್ಕಸ್ ಪೇಪರ್ ಹಾರದ ಹಾಗೆ ಇಡೋ ಕಲ್ಲಾಗಿತ್ತು ಆಫೀಸಿನಲ್ಲಿ.

ದುರ್ಗದಬೈಲ್_ಬಾಯ್ (17 ಮೇ, ರಾತ್ರಿ 10:40)

ಇವತ್ತು ಐಪಿಎಲ್ ಮತ್ತೆ ಶುರು ಅಂತ ಬಿಳಿ ಅಂಗಿ ಹಾಕಿಕೊಂಡು ಕೂತೆ, ಕೊಹ್ಲಿ ಟೆಸ್ಟ್ ಬಿಟ್ಟರಲ್ಲ ಅದಕ್ಕೆ. ಬೆಂಗಳೂರಿನಲ್ಲಿ ಮಳೆ ಬಂದು ಟಾಸ್ ಕೂಡ ಆಗಲಿಲ್ಲ. ಹೊಟ್ಟೆ ಉರಿ. ಇಡೀ ವಾರದಲ್ಲಿ ನೋಡಿದ ಒಂದೇ ಒಳ್ಳೆಯ ಆಟ ಅಂದರೆ ನಿನ್ನೆ ರಾತ್ರಿಯದು. ಅದಕ್ಕೆ ವಾಪಸ್ ಇಲ್ಲಿಗೆ ಬಂದೆ. ಅದಿರಲಿ, ವೆಬರ್‌ಗೆ ಏನು ಬೈಯಬೇಕು ಅಂತ ಯಾರೂ ಬರೆದಿಲ್ಲ. ಶುರು ಮಾಡಲಾ?

ದೋಹಾದಾಗಿನ_ಹುಬ್ಬಳ್ಳಿಯವ (17 ಮೇ, ರಾತ್ರಿ 11:10)

ಬೇಡ ತಮ್ಮಾ, ಅವನ ಕತೆ ಕೇಳು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 2022ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕನೇ ಸ್ಥಾನ. 2023ರಲ್ಲಿ ಮತ್ತೆ ನಾಲ್ಕನೇ ಸ್ಥಾನ! ಪ್ಯಾರಿಸ್‌ನಲ್ಲಿ ಆರನೇ. ವಯಸ್ಸು ಮೂವತ್ತು. 90 ಅವನಿಗೂ ಮೊದಲ ಸಲ. ನಮಗೆ ಮೂರು ವರ್ಷ ಕಾದಿದ್ದೇ ದೊಡ್ಡದಾಗಿ ಕಾಣುತ್ತದೆ. ಎಸೆದ ಮೇಲೆ ಅವನ ಮುಖ ನೋಡಿದ ಮೇಲೆ ಬೈಯಲು ನನ್ನ ಬಾಯಿ ಬರಲಿಲ್ಲ. ನೀರಜ್ ಹೋಗಿ ಅಪ್ಪಿಕೊಂಡ, ಅಂಕಲ್ ಕೂಡ ಕೊನೆಗೆ ಚಪ್ಪಾಳೆ ಹೊಡೆದರು.

ದುರ್ಗದಬೈಲ್_ಬಾಯ್ (17 ಮೇ, ರಾತ್ರಿ 11:14)

ಮೂರು ಸಲ ನಾಲ್ಕನೇ ಸ್ಥಾನವಾ? ಇವನು ನಮ್ಮ ಆರ್‌ಸಿಬಿ ತರದವನು. ಬೈಗುಳ ಕ್ಯಾನ್ಸಲ್.

ಉಣಕಲ್_ಓಟಗಾರ (18 ಮೇ, ಬೆಳಿಗ್ಗೆ 6:50)

ಕೆರೆ ಸುತ್ತ ಐದು ಕಿಲೋಮೀಟರ್ ಓಡಿ ಬಂದೆ. ಓಡುವಾಗ ಇದೇ ಯೋಚನೆ. ಒಂದು ಪ್ರಶ್ನೆ: ಅಮೆರಿಕದ ಮೈಕಲ್ ಜಾನ್ಸನ್ ಈ ವರ್ಷ ಗ್ರ್ಯಾಂಡ್ ಸ್ಲ್ಯಾಮ್ ಟ್ರ್ಯಾಕ್ ಅಂತ ಓಟದ ಕೂಟಗಳ ಸರಣಿ ಶುರು ಮಾಡಿದ್ದಾನಲ್ಲ, ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ಮೊದಲನೇದು ಆಯಿತು, ಗೆದ್ದವರಿಗೆ ಒಂದು ಲಕ್ಷ ಡಾಲರ್. ನೋಡಿದಿರಾ? ಡೈಮಂಡ್ ಲೀಗ್‌ಗಿಂತ ಚೆನ್ನಾಗಿದೆಯಾ?

ಸಾಧನಕೇರಿ_ಅಕ್ಕ (18 ಮೇ, ಬೆಳಿಗ್ಗೆ 8:15)

ನೋಡಿದೆ. ಕಿಂಗ್‌ಸ್ಟನ್‌ನಲ್ಲಿ ಖಾಲಿ ಕುರ್ಚಿಗಳೇ ಜಾಸ್ತಿ ಕಂಡವು, ಜಮೈಕಾದಂಥ ಜಮೈಕಾದಲ್ಲಿ! ದುಡ್ಡು ಓಟಗಾರರಿಗೆ ಸಿಗುವುದು ಒಳ್ಳೆಯದೇ. ಆದರೆ ಅಲ್ಲಿ ಬರೀ ಓಟ. ಜಂಪ್ ಇಲ್ಲ, ಎಸೆತ ಇಲ್ಲ. ಜಾವೆಲಿನ್ ಇಲ್ಲದ ಕೂಟ ನನಗೆ ಖಾರ ಇಲ್ಲದ ಗಿರ್ಮಿಟ್ ಇದ್ದ ಹಾಗೆ. ಜಾತ್ರೆ ಅಂದ ಮೇಲೆ ಒಂದು ಕಡೆ ಓಟ, ಒಂದು ಕಡೆ ಎಸೆತ, ಇನ್ನೊಂದು ಮೂಲೆಯಲ್ಲಿ ಯಾರೋ ಕೋಲು ಹಿಡಿದು ಆಕಾಶಕ್ಕೆ ಹಾರುತ್ತಿರಬೇಕು, ಯಾವುದನ್ನು ನೋಡಬೇಕು ಅಂತ ಕಣ್ಣಿಗೇ ಗೊತ್ತಾಗಬಾರದು.

ಬ್ಯಾಡಗಿ_ಕಡ್ಡಿಕಾಯಿ (18 ಮೇ, ಬೆಳಿಗ್ಗೆ 9:00)

ಖಾರದ ಮಾತು ಬಂದಾಗ ನಾನು ಹಾಜರ್. ಬ್ಯಾಡಗಿ ಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರಿಗೂ ಗೊತ್ತು. ಮೇ ತಿಂಗಳ 90 ಕೂಡ ಹಾಗೇ ಅಂತ ನನ್ನ ಅಭಿಪ್ರಾಯ. ಬಣ್ಣ ಜೋರಾಗಿದೆ. ಖಾರ ಇದೆಯೋ ಇಲ್ಲವೋ ಸೆಪ್ಟೆಂಬರ್‌ನಲ್ಲಿ ನೋಡೋಣ. ತಪ್ಪಾದರೆ ಒಂದು ಕಿಲೋ ಡಬ್ಬಿ ಕಾಯಿ ಅಕ್ಕನ ಮನೆಗೆ ಪಾರ್ಸೆಲ್.

ಸಾಧನಕೇರಿ_ಅಕ್ಕ (18 ಮೇ, ಬೆಳಿಗ್ಗೆ 9:04)

ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ನಾನು ಸೋತರೆ ಲೈನ್ ಬಜಾರ್ ಪೇಡಾ, ಒಂದು ಕಿಲೋ.

ಉಣಕಲ್_ಓಟಗಾರ (7 ಜುಲೈ, ರಾತ್ರಿ 9:30)

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಮೊನ್ನೆ ಶನಿವಾರ ಬೆಂಗಳೂರಿನ ಕಂಠೀರವದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ನೋಡಿ ಬಂದೆ. ಮೇ 24ಕ್ಕೆ ಆಗಬೇಕಾಗಿದ್ದು ಮುಂದಕ್ಕೆ ಹೋಗಿ ಈಗ ಆಯಿತು. ರಾತ್ರಿ ರೈಲಿನಲ್ಲಿ ಹೋಗಿ ರಾತ್ರಿ ರೈಲಿನಲ್ಲೇ ವಾಪಸ್. ಅವನು 86.18 ಎಸೆದು ಗೆದ್ದ. ಕೀನ್ಯಾದ ಯೆಗೊ 84.51, ಶ್ರೀಲಂಕಾದ ರುಮೇಶ್ ಪತಿರಗೆ 84.34. ನಮ್ಮ ಸಚಿನ್ ಯಾದವ್ 82.33 ಎಸೆದು ನಾಲ್ಕನೇ ಸ್ಥಾನ, ಆ ಹುಡುಗನ ಮೇಲೆ ಕಣ್ಣಿಟ್ಟಿರಿ.

86 ಅಂದರೆ ಫೋನಿನಲ್ಲಿ ನೋಡುವಾಗ "ಅಯ್ಯೋ 86 ಅಷ್ಟೇನಾ" ಅನ್ನಿಸುತ್ತದೆ. ಅಲ್ಲಿ ಕೂತು ನೋಡಿದರೆ ಮಾತೇ ಬೇರೆ. ಜಾವೆಲಿನ್ ಲೈಟಿನ ಬೆಳಕಿಗೆ ಒಂದು ಸಲ ಮಿಂಚಿ ಮಾಯ ಆಗುತ್ತದೆ, ಎಲ್ಲಿ ಹೋಯಿತು ಅಂತ ಹುಡುಕುವಷ್ಟರಲ್ಲಿ ಆ ಕಡೆ ಹುಲ್ಲಿನಲ್ಲಿ ಚುಚ್ಚಿ ನಿಂತಿರುತ್ತದೆ. ನಾನು ಇಷ್ಟು ವರ್ಷ ನೋಡಿದ್ದು ಬರೀ ನಂಬರ್ ಅಂತ ಅವತ್ತು ಗೊತ್ತಾಯಿತು.

ದುರ್ಗದಬೈಲ್_ಬಾಯ್ (7 ಜುಲೈ, ರಾತ್ರಿ 9:41)

ನನ್ನನ್ನು ಕರೆಯದೆ ಹೋದೆಯಲ್ಲ, ಲೆಕ್ಕ ಬರೆದಿಟ್ಟಿದ್ದೇನೆ. ಅಂದ ಹಾಗೆ ಆರ್‌ಸಿಬಿ ಕಪ್ ಗೆದ್ದಿತು. ಇನ್ನು ವೆಬರ್ ಕೂಡ ಏನಾದರೂ ಗೆಲ್ಲಬಹುದು.

ಬ್ಯಾಡಗಿ_ಕಡ್ಡಿಕಾಯಿ (18 ಸೆಪ್ಟೆಂಬರ್, ರಾತ್ರಿ 8:20)

ಬರೆಯಬಾರದು ಅಂತ ಇದ್ದೆ. ಟೋಕಿಯೋ ಫೈನಲ್ ಮುಗಿಯಿತು. ನೀರಜ್ 84.03, ಎಂಟನೇ ಸ್ಥಾನ. ವೆಬರ್ 86.11, ಐದನೇ. ಕಳೆದ ತಿಂಗಳಷ್ಟೇ ಜ್ಯೂರಿಕ್‌ನಲ್ಲಿ 91.51 ಎಸೆದು ಡೈಮಂಡ್ ಲೀಗ್ ಗೆದ್ದವನು. ಚಿನ್ನ ಟ್ರಿನಿಡಾಡ್‌ನ ವಾಲ್ಕಾಟ್‌ಗೆ, 88.16. ಮೇ ತಿಂಗಳ ಆ ರಾತ್ರಿಯ ಇಬ್ಬರಿಗೂ ಪದಕ ಇಲ್ಲ.

ನನ್ನ ಮಾತು ನಿಜ ಆಯಿತು ಅಂತ ಖುಷಿ ಪಡೋಣ ಅಂದರೆ ಖುಷಿಯೇ ಬರುತ್ತಿಲ್ಲ. ಬೆನ್ನು ನೋವಿತ್ತಂತೆ ನೀರಜ್‌ಗೆ. ಪೇಡಾ ಬೇಡ ಅಕ್ಕಾ.

ಸಾಧನಕೇರಿ_ಅಕ್ಕ (18 ಸೆಪ್ಟೆಂಬರ್, ರಾತ್ರಿ 8:35)

ಪೇಡಾ ಕಳಿಸುತ್ತೇನೆ, ಬಾಜಿ ಬಾಜಿಯೇ. ಆದರೆ ಸಚಿನ್ ಯಾದವ್ 86.27 ಎಸೆದು ನಾಲ್ಕನೇ ಸ್ಥಾನ ಬಂದ, ನೋಡಿದಿರಾ? ನೀರಜ್, ವೆಬರ್ ಇಬ್ಬರಿಗಿಂತ ಮುಂದೆ. ಉಣಕಲ್ ತಮ್ಮ ಜುಲೈನಲ್ಲೇ ಹೇಳಿದ್ದ. ನಿಮ್ಮ ಮಾರ್ಕೆಟ್ಟಿನಲ್ಲಿ ಮೂಲೆಯ ಚೀಲದಿಂದ ಇಂಥದ್ದು ಬಂದರೆ ಏನು ಮಾಡುತ್ತೀರಿ?

ಬ್ಯಾಡಗಿ_ಕಡ್ಡಿಕಾಯಿ (18 ಸೆಪ್ಟೆಂಬರ್, ರಾತ್ರಿ 8:38)

ಮುಂದಿನ ವರ್ಷ ಆ ರೈತನ ಹೊಲಕ್ಕೇ ಹೋಗುತ್ತೇನೆ.

ಲಕ್ಷ್ಮೇಶ್ವರ_ಹುಡುಗ (19 ಸೆಪ್ಟೆಂಬರ್, ಸಂಜೆ 6:15)

ಮಾಸ್ತರ್ ಸರ್ ಇದ್ದೀರಾ? ತಾಲೂಕು ಮಟ್ಟದ ಕೂಟದಲ್ಲಿ ಎಸೆದೆ. ಮೊದಲನೇದು ಫೌಲ್, ಎರಡನೇದು ಮೂತಿ ಊರದೆ ಚಪ್ಪಟೆ ಬಿತ್ತು, ಮೂರನೇದು 38 ಮೀಟರ್ ಚಿಲ್ಲರೆ. ಎರಡನೇ ಸ್ಥಾನ. ಗೆದ್ದವನದು 41.

ಪಿಟಿ_ಮಾಸ್ತರ್_ಗದಗ (19 ಸೆಪ್ಟೆಂಬರ್, ಸಂಜೆ 6:50)

ಎಡಗಾಲು?

ಲಕ್ಷ್ಮೇಶ್ವರ_ಹುಡುಗ (19 ಸೆಪ್ಟೆಂಬರ್, ಸಂಜೆ 6:52)

ಬಗ್ಗಿತು ಸರ್.

ಪಿಟಿ_ಮಾಸ್ತರ್_ಗದಗ (19 ಸೆಪ್ಟೆಂಬರ್, ಸಂಜೆ 6:53)

ಭಾನುವಾರ ಮೊದಲ ಬಸ್ಸಿಗೆ ಗದಗಕ್ಕೆ ಬಾ. ನನ್ನ ಹತ್ತಿರ ನೆಟ್ಟಗಿರುವ ಜಾವೆಲಿನ್ ಒಂದಿದೆ. ಬೀಗದ ಕೈ ಕೂಡ ನನ್ನ ಹತ್ತಿರವೇ ಇದೆ.